ಡಯಲ್‌ಗೆ ಬಣ್ಣ ಹೊಡೆಸಬೇಡಿ: ಹಳೇ ವಾಚುಗಳ ಬಗ್ಗೆ ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಕೀ ಕೊಡುವ ವಾಚುಗಳಿಗೆ ಯಾವಾಗ ಎಣ್ಣೆ ಹಾಕಿಸಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಎಣ್ಣೆಯ ಮಾತೇ ಕಮ್ಮಿ. ಬಹಳ ಜನ ಕೇಳಿರುವುದು ಡಯಲ್ ಬಗ್ಗೆ. ಹಳದಿಯಾಗಿದೆ, ಕಂದು ತಿರುಗಿದೆ, ಚುಕ್ಕೆ ಬಿದ್ದಿದೆ, ಹೊಸ ಬಣ್ಣ ಹೊಡೆಸಲೇ, ಮಾರಿದರೆ ಎಷ್ಟು ಬರುತ್ತೆ? ಹಾಗಾಗಿ ಈ ಸಲದ ಪೂರ್ತಿ ಜಾಗ ಡಯಲ್‌ಗೇ ಮೀಸಲು. ಪತ್ರಗಳಲ್ಲಿ ಹೆಚ್ಚಿನವು ನಮ್ಮ ತುಮಕೂರು ಜಿಲ್ಲೆಯವೇ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ಇದು. ಅಲ್ಲಿ ಕೆಲಸ ಮಾಡಿದವರು, ಅವರ ನೆಂಟರು, ಮದುವೆಯಲ್ಲಿ ಮಾವನ ಮನೆಯಿಂದ ವಾಚು ಕಟ್ಟಿಸಿಕೊಂಡವರು, ಹೀಗೆ ಈ ಸೀಮೆಯ ಬೀರುಗಳಲ್ಲಿ ಇನ್ನೂ ಎಷ್ಟೋ ವಾಚು ಇವೆ. ಅವು ಹಾಳಾಗಬಾರದು ಅನ್ನೋದೇ ನನ್ನ ಆಸೆ.

ಪ್ರಶ್ನೆ: ನಮ್ಮ ತಾತನ ಎಚ್‌ಎಂಟಿ ಜನತಾ ನನ್ನ ಹತ್ತಿರ ಇದೆ. 1970ರ ದಶಕದ್ದು. ಚೆನ್ನಾಗಿ ಓಡುತ್ತದೆ. ಬೆಳ್ಳಗಿದ್ದ ಡಯಲ್ ಮಾತ್ರ ಈಗ ಕೆನೆ ಬಣ್ಣಕ್ಕೆ ತಿರುಗಿದೆ. ಅಂಗಡಿಯವರೊಬ್ಬರು "ಹೊಸದರ ಥರ ಮಾಡಿಸಿಕೊಡ್ತೀನಿ, ಬೆಲೆನೂ ಜಾಸ್ತಿ ಆಗುತ್ತೆ" ಅಂದರು. ಮಾಡಿಸಲೇ?
ಓದುಗರೊಬ್ಬರು, ತಿಪಟೂರು

ಉತ್ತರ: ಬೇಡ. ದಯವಿಟ್ಟು ಬೇಡ. ಬೆಲೆ ಜಾಸ್ತಿ ಆಗುತ್ತೆ ಅನ್ನೋದು ಪೂರ್ತಿ ತಲೆಕೆಳಗಾದ ಮಾತು.

ಡಯಲ್ ಹೇಗೆ ಮಾಡಿರುತ್ತಾರೆ ಅಂತ ತಿಳಿದರೆ ನಾನು ಯಾಕೆ ಬೇಡ ಅನ್ನುತ್ತೇನೆ ಅಂತ ಗೊತ್ತಾಗುತ್ತೆ. ಡಯಲ್ ಅಂದರೆ ಒಂದು ತೆಳು ಹಿತ್ತಾಳೆ ತಗಡು. ಹಿಂದುಗಡೆ ಎರಡು ಪುಟ್ಟ ಕಾಲು ಇರುತ್ತವೆ, ಮಿಷಿನ್ ಮೇಲೆ ಕೂರಿಸುವುದಕ್ಕೆ. ಮುಂದುಗಡೆ ಬೆಳ್ಳಿ ಲೇಪ ಅಥವಾ ಬಣ್ಣ. ಅದು ಮಾಸದಿರಲಿ ಅಂತ ಮೇಲೊಂದು ತೆಳುವಾದ ಲ್ಯಾಕರ್, ಅಂದರೆ ಕೆಳಗಿನದು ಕಾಣುವಂಥ ವಾರ್ನಿಷ್. ಬಹಳ ವಾಚುಗಳಲ್ಲಿ ಕಂಪನಿ ಹೆಸರು, ನಿಮಿಷದ ಗೆರೆ ಎಲ್ಲವನ್ನೂ ಆ ಲ್ಯಾಕರ್ ಮೇಲೆ ಮೆತ್ತನೆಯ ಪ್ಯಾಡ್‌ನಿಂದ ಅಚ್ಚು ಒತ್ತಿರುತ್ತಾರೆ. ಉದ್ದನೆಯ ಗಂಟೆ ಕಡ್ಡಿಗಳು ಬೇರೆ, ಅವನ್ನು ತೂತಿಗೆ ಸಿಕ್ಕಿಸಿರುತ್ತಾರೆ.

ನಿಮ್ಮ ತಾತನ ಡಯಲ್ ಕೆನೆ ಬಣ್ಣಕ್ಕೆ ತಿರುಗಿರುವುದು ಆ ಲ್ಯಾಕರ್‌ನಿಂದ. ಬೆಳಕು, ಸೆಕೆ, ಗಾಳಿ ತಾಗಿ ತಾಗಿ ಅದು ಹಳದಿಗಟ್ಟುತ್ತದೆ. ಕೆಳಗಿನ ಬೆಳ್ಳಿ ಲೇಪವೂ ಸ್ವಲ್ಪ ಮಂಕಾಗುತ್ತದೆ. ಇದು ಕಾಯಿಲೆ ಅಲ್ಲ, ವಯಸ್ಸು. ಸಂಗ್ರಹ ಮಾಡುವವರು ಇದಕ್ಕೆ ಪ್ಯಾಟಿನಾ ಅನ್ನುತ್ತಾರೆ, ಇಷ್ಟಪಟ್ಟು ಕೊಳ್ಳುತ್ತಾರೆ.

ಈಗ ಬಣ್ಣ ಹೊಡೆಯುವವರು ಏನು ಮಾಡುತ್ತಾರೆ ನೋಡಿ. ಹಳೇ ಲ್ಯಾಕರ್, ಹಳೇ ಅಚ್ಚು, ಹಳೇ ಲೇಪ ಎಲ್ಲವನ್ನೂ ಕೆರೆದು ತೆಗೆಯುತ್ತಾರೆ. ಬರೀ ಹಿತ್ತಾಳೆ ಉಳಿಯುತ್ತದೆ. ಅದಕ್ಕೆ ಹೊಸ ಬಣ್ಣ ಸಿಂಪಡಿಸಿ, ಕೈಯಲ್ಲಿರುವ ಯಾವುದೋ ಅಚ್ಚಿನಿಂದ ಹೆಸರು ಒತ್ತುತ್ತಾರೆ. ಹಳೇ ದೇವಸ್ಥಾನದ ಕಲ್ಲು ಕಂಬಕ್ಕೆ ಆಯಿಲ್ ಪೇಂಟ್ ಹೊಡೆದ ಹಾಗೆ ಆಗುತ್ತೆ. ಪಳಪಳ ಅನ್ನುತ್ತೆ, ಕೆತ್ತನೆ ಮುಚ್ಚಿಹೋಗುತ್ತೆ. ಕಂಬದ ಬಣ್ಣವನ್ನಾದರೂ ಕಷ್ಟಪಟ್ಟು ತೆಗೆಯಬಹುದು. ಡಯಲ್ ವಿಷಯದಲ್ಲಿ ಅದೂ ಇಲ್ಲ, ಕೆರೆದುಹೋದ ಅಚ್ಚು ವಾಪಸ್ ಬರಲ್ಲ.

ಬೆಲೆಯ ಲೆಕ್ಕಕ್ಕೆ ಬರೋಣ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಅದರಲ್ಲಿ ಜನತಾ ಊರೂರಿಗೂ ತಲುಪಿದ ವಾಚು. ಹಾಗಾಗಿ ಜನತಾ ಅಪರೂಪದ್ದೇನಲ್ಲ. ಮಿಷಿನ್ ಕೆಟ್ಟರೆ ಇನ್ನೊಂದು ಜನತಾದಿಂದ ಚಕ್ರ ತೆಗೆದು ಹಾಕಬಹುದು. ಗಾಜು ಹೋದರೆ ಹೊಸ ಗಾಜು ಸಿಗುತ್ತೆ. ಕೀ ತಿರುಪು ಸವೆದರೆ ಅದೂ ಸಿಗುತ್ತೆ. ಸಿಗದೇ ಇರೋದು ಒಂದೇ, ಯಾರೂ ಕೈ ಹಾಕದ ಆ ಕಾಲದ ಡಯಲ್. ಕೊಳ್ಳುವವರು ದುಡ್ಡು ಕೊಡೋದು ಅದಕ್ಕೇ. ನನ್ನ ಮೇಜಿನ ಮೇಲೆ ಒಂದೇ ಥರದ ಎರಡು ಜನತಾ ಇಟ್ಟು, ಒಂದಕ್ಕೆ ತನ್ನದೇ ಕೆನೆ ಬಣ್ಣದ ಡಯಲ್, ಇನ್ನೊಂದಕ್ಕೆ ಹೊಸ ಬಣ್ಣದ ಡಯಲ್ ಇದ್ದರೆ, ತಿಳಿದವರು ಎರಡನೆಯದನ್ನು ಮೊದಲನೆಯದರ ಅರ್ಧ ಬೆಲೆಗೂ ಕೇಳುವುದಿಲ್ಲ.

ನೀವು ನೋಡಬೇಕಾದದ್ದು ಒಂದಿದೆ. ಬಣ್ಣ ಎಲ್ಲಾ ಕಡೆ ಸಮವಾಗಿ ತಿರುಗಿದೆಯಾ? ಅಚ್ಚು ಪೂರ್ತಿ ಓದಲು ಬರುತ್ತಾ? ಹಾಗಿದ್ದರೆ ಬೆಲೆಗೆ ಏನೂ ಧಕ್ಕೆ ಇಲ್ಲ. ಒಂದು ಮೂಲೆಯಲ್ಲಿ ಮಾತ್ರ ಕಲೆ ಇದ್ದರೆ, ಅಥವಾ ಅಂಚಿನಲ್ಲಿ ಗುಳ್ಳೆ ಎದ್ದಿದ್ದರೆ ಬೆಲೆ ಇಳಿಯುತ್ತೆ. ಆದರೂ ಬಣ್ಣ ಹೊಡೆಸಿದಷ್ಟು ಇಳಿಯುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಎಚ್‌ಎಂಟಿ ಪೈಲಟ್ ಕೊಂಡೆ. ಗಿಳಿಹಸಿರು ಡಯಲ್, ಫಳಫಳ ಹೊಳೆಯುತ್ತೆ. "ಹಳೇದು, ಒರಿಜಿನಲ್" ಅಂತ ಬರೆದಿದ್ದರು. ಸ್ನೇಹಿತರು ನಗುತ್ತಿದ್ದಾರೆ. ಇದು ಒರಿಜಿನಲ್ಲಾ ಸರ್?
ಪದವಿ ವಿದ್ಯಾರ್ಥಿ, ಶಿರಾ

ಉತ್ತರ: ತಮ್ಮಾ, ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಇದು ಬಣ್ಣ ಹೊಡೆದ ಡಯಲ್. ಪೈಲಟ್ ಅಂದರೆ ಜನ ಹುಡುಕೋದು ಕಪ್ಪು ಡಯಲ್, ದೊಡ್ಡ ಅಂಕಿ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ಸುದ್ದಿ ಹಬ್ಬಿದ ಮೇಲೆ ಅದರ ವಾಚುಗಳಿಗೆ ಜನ ಮುಗಿಬಿದ್ದರು. ಆಗಿನಿಂದ ಇಂಥ ಬಣ್ಣಬಣ್ಣದ ಡಯಲ್‌ಗಳು ಮಾರುಕಟ್ಟೆಗೆ ಸುರಿದಿವೆ. ಕಿತ್ತಳೆ, ಗಿಳಿಹಸಿರು, ನೇರಳೆ ಬಣ್ಣದಲ್ಲಿ ಹೊಳೆಯುವ ಐವತ್ತು ವರ್ಷದ ವಾಚು ಕಂಡರೆ ಮೊದಲು ಅನುಮಾನ ಪಡಬೇಕು. ಕೇಸು ಸವೆದಿದೆ, ಕೀ ಸವೆದಿದೆ, ಡಯಲ್ ಮಾತ್ರ ನಿನ್ನೆ ಹುಟ್ಟಿದ್ದು ಅಂದರೆ ಹೇಗೆ?

ಫೋಟೋದಲ್ಲಿ ನನಗೆ ಕಂಡದ್ದು ಹೇಳುತ್ತೇನೆ. ನೀನೂ ಒಂದು ಭೂತಗನ್ನಡಿ ಹಿಡಿದು ನೋಡು. ಮೊದಲು 12ರ ಹತ್ತಿರ. ನಿಮಿಷದ ಗೆರೆ 12ರ ನೆತ್ತಿಗೆ ನೇರ ಬಂದು ಸೇರಬೇಕು. ನಿನ್ನದರಲ್ಲಿ ಒಂದು ಕೂದಲೆಳೆ ಬಲಕ್ಕೆ ಜರುಗಿದೆ. ಕಾರ್ಖಾನೆಯಲ್ಲಿ ಡಯಲ್ ಅನ್ನು ಅದರ ಕಾಲುಗಳ ಆಧಾರದ ಮೇಲೆ ಕೂರಿಸಿ ಅಚ್ಚು ಒತ್ತುತ್ತಾರೆ, ಹಾಗೆ ಜರುಗಲ್ಲ. ಆಮೇಲೆ ಹೆಸರಿನ ಅಕ್ಷರ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತೆ. ನಿನ್ನದರಲ್ಲಿ ಶಾಯಿ ಊದಿಕೊಂಡು ಅಕ್ಷರ ದಪ್ಪ ಆಗಿದೆ. "17 ಜ್ಯುವೆಲ್ಸ್" ಅನ್ನುವ ಸಾಲಿನಲ್ಲಿ ಅಕ್ಷರಗಳ ನಡುವಿನ ಜಾಗ ಒಂದೊಂದು ಕಡೆ ಒಂದೊಂದು ಥರ. 6ರ ಕೆಳಗೆ ಅಂಚಿನಲ್ಲಿ ಇರಬೇಕಾದ ಸಣ್ಣ ಅಕ್ಷರ ಕಾಣುತ್ತಲೇ ಇಲ್ಲ. ಬಣ್ಣ ಹೊಡೆಯುವವರು ಬಹಳ ಸಲ ಆ ಸಣ್ಣ ಸಾಲನ್ನು ಬಿಟ್ಟೇಬಿಡುತ್ತಾರೆ.

ಇನ್ನೊಂದು ಸಾಕ್ಷಿ ಮುಳ್ಳುಗಳಲ್ಲಿದೆ. ಮುಳ್ಳಿನ ಮೇಲಿನ ರೇಡಿಯಂ ಬಣ್ಣ (ಕತ್ತಲೆಯಲ್ಲಿ ಹೊಳೆಯುವ ಬಣ್ಣಕ್ಕೆ ನಾವು ಹೇಳುವ ಹೆಸರು) ಮಾಗಿ ಸಾಸಿವೆ ಬಣ್ಣಕ್ಕೆ ಬಂದಿದೆ. ಡಯಲ್ ಮೇಲಿನ ಚುಕ್ಕೆಗಳು ಹಾಲಿನಷ್ಟು ಬಿಳುಪು. ಒಂದೇ ಗಾಜಿನ ಕೆಳಗೆ, ಒಂದೇ ಬಿಸಿಲಿನಲ್ಲಿ ಇದ್ದವು ಜೊತೆಗೇ ಹಳೆಯದಾಗಬೇಕು ಅಲ್ವಾ? ಮುಳ್ಳು ಒಂದು ಬಣ್ಣ, ಚುಕ್ಕೆ ಇನ್ನೊಂದು ಬಣ್ಣ ಅಂದರೆ ಎರಡರಲ್ಲಿ ಒಂದನ್ನು ಆಮೇಲೆ ಹಾಕಿದ್ದಾರೆ. ನೋಟು ಪರೀಕ್ಷೆ ಮಾಡುವ ನೇರಳೆ ಲೈಟು ಸಿಕ್ಕರೆ ಕತ್ತಲೆಯಲ್ಲಿ ಒಂದು ಕ್ಷಣ ಹಿಡಿದು ಆರಿಸು. ಹಳೇ ಬಣ್ಣ ಮಿಂಚಿದರೂ ಬೇಗ ಆರಿಹೋಗುತ್ತೆ. ಆರಿಸಿದ ಮೇಲೂ ಬಹಳ ಹೊತ್ತು ಜೋರಾಗಿ ಹೊಳೆಯುತ್ತಲೇ ಇದ್ದರೆ ಅದು ಈಚಿನ ಬಣ್ಣ. ಈಗ ಹೆಚ್ಚಿನ ವಾಚುಗಳಿಗೆ ಬಳಸುವ ಆ ಬಗೆಯ ಬಣ್ಣ ಬಂದದ್ದೇ 1990ರ ದಶಕದಲ್ಲಿ.

ಮುಂದೆ ಕೊಳ್ಳುವಾಗ ಮಾರುವವರನ್ನು ಎರಡು ಫೋಟೋ ಕೇಳು. ಹಗಲು ಬೆಳಕಲ್ಲಿ ಗಾಜು ತೆಗೆದ ಡಯಲ್ ಒಂದು. ಡಯಲ್‌ನ ಹಿಂಬದಿ ಇನ್ನೊಂದು. ಕೆರೆದ ಗೀರು, ಬಣ್ಣದ ಸೋರಿಕೆ ಹಿಂದುಗಡೆ ಚೆನ್ನಾಗಿ ಕಾಣುತ್ತೆ. ಫೋಟೋ ಕೊಡಲ್ಲ ಅಂದರೆ ಬಿಟ್ಟುಬಿಡು.

ಈಗ ನಿನ್ನ ಕೈಲಿರುವ ವಾಚನ್ನು ಏನು ಮಾಡೋದು? ಕಟ್ಟಿಕೋ. ಒಳಗಿರುವ ಮಿಷಿನ್ ನಿಜವಾದ ಎಚ್‌ಎಂಟಿ ಆಗಿದ್ದರೆ ಅದು ಗಟ್ಟಿ ಮಿಷಿನ್, ಸರ್ವಿಸ್ ಮಾಡಿಸಿದರೆ ಇನ್ನೂ ಬಹಳ ವರ್ಷ ಓಡುತ್ತೆ. ಆದರೆ ಇನ್ನೊಬ್ಬರಿಗೆ ಮಾರುವಾಗ ಡಯಲ್ ಬಣ್ಣ ಹೊಡೆದದ್ದು ಅಂತ ಹೇಳಿಯೇ ಮಾರು.

ಪ್ರಶ್ನೆ: ನಮ್ಮ ಮಾವನವರು ಬೊಂಬಾಯಿಯಿಂದ ತಂದ ಸ್ವಿಸ್ ವಾಚು. ಕಪ್ಪು ಡಯಲ್ ಈಗ ಕಂದು ಬಣ್ಣಕ್ಕೆ ತಿರುಗಿದೆ. ಹೊರದೇಶದಲ್ಲಿ ಕಂದು ತಿರುಗಿದ ಡಯಲ್‌ಗೆ ಲಕ್ಷಾಂತರ ಕೊಡುತ್ತಾರೆ ಅಂತ ಕೇಳಿದೆ. ನಿಜವೇ?
ಓದುಗರೊಬ್ಬರು, ಮಧುಗಿರಿ

ಉತ್ತರ: ಕೇಳಿದ್ದು ನಿಜ. ನಿಮ್ಮ ವಾಚಿಗೆ ಅದು ಅನ್ವಯಿಸುತ್ತಾ ಅನ್ನೋದು ಬೇರೆ ಮಾತು.

1950, 60ರ ದಶಕಗಳಲ್ಲಿ ರೋಲೆಕ್ಸ್, ಒಮೆಗಾದಂಥ ಕಂಪನಿಗಳ ಕೆಲವು ಕಪ್ಪು ಡಯಲ್‌ಗಳ ಬಣ್ಣ ಬಿಸಿಲಿಗೆ ತಡೆಯಲಿಲ್ಲ. ವರ್ಷಗಳು ಕಳೆದಂತೆ ಕಪ್ಪು ಹೋಗಿ ಕಾಫಿ ಬಣ್ಣ ಬಂತು. ಕಂಪನಿಯ ಲೆಕ್ಕದಲ್ಲಿ ಅದು ಬಣ್ಣದ ದೋಷ. ಸಂಗ್ರಹಕಾರರು ಅದನ್ನೇ ಟ್ರಾಪಿಕಲ್ ಡಯಲ್ ಅಂತ ಕರೆದು ಹುಡುಕಿ ಹುಡುಕಿ ಕೊಂಡರು. ಒಂದೊಂದು ಡಯಲ್ ಒಂದೊಂದು ಥರ ತಿರುಗುತ್ತೆ, ಅದೇ ರೀತಿಯದು ಇನ್ನೊಂದು ಸಿಗಲ್ಲ. ಅದಕ್ಕೇ ಆ ಬೆಲೆ. ಆದರೆ ಮೂರು ಷರತ್ತು ಇವೆ. ವಾಚು ಮೊದಲೇ ಬೇಡಿಕೆ ಇರುವ ಮಾದರಿ ಆಗಿರಬೇಕು. ಕಂದು ಬಣ್ಣ ಪೂರ್ತಿ ಡಯಲ್‌ಗೆ ಸಮವಾಗಿ ಹರಡಿರಬೇಕು. ಅಚ್ಚು, ರೇಡಿಯಂ ಚುಕ್ಕೆ ಹಾಗೇ ಉಳಿದಿರಬೇಕು.

ಈ ಹುಚ್ಚು ಎಲ್ಲಿಯವರೆಗೆ ಹೋಗಿದೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಹರಾಜು ಸಂಸ್ಥೆ 1957ರ ಕಾಲದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ ಮಾರಿತು. ಚೆಂದವಾಗಿ ಕಂದು ತಿರುಗಿದ ಡಯಲ್. 31 ಲಕ್ಷ ಸ್ವಿಸ್ ಫ್ರಾಂಕಿಗೂ ಜಾಸ್ತಿ ಬೆಲೆಗೆ ಹೋಯಿತು. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿ ದಾಟುತ್ತೆ. 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು, ಅದು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಮಾಡಿದ ವಾಚು ಅಂತ. ಅಷ್ಟು ದೊಡ್ಡ ಹರಾಜಿನಲ್ಲೇ ಹೀಗಾದರೆ ಬರೀ ಕಂದು ಬಣ್ಣ ನೋಡಿ ದುಡ್ಡು ಹಾಕೋದು ಎಷ್ಟು ಅಪಾಯ ನೋಡಿ.

ಇನ್ನು ನಿಮ್ಮ ವಾಚು. ಫೋಟೋದಲ್ಲಿ ಕಂದು ಬಣ್ಣ ಅಂಚಿನಿಂದ ಒಳಗೆ ಬಂದಿದೆ. 3ರ ಹತ್ತಿರ, ಅಂದರೆ ಕೀ ಇರುವ ಕಡೆ, ಜಾಸ್ತಿ ಇದೆ. ಅಲ್ಲಲ್ಲಿ ಬಣ್ಣ ಹಪ್ಪಳಿಕೆ ಎದ್ದಿದೆ. ಇದು ಬಿಸಿಲಿನ ಕಂದಲ್ಲ, ನೀರಿನ ಕಂದು. ಕೀ ತಿರುಪಿನ ವಾಷರ್ ಒಣಗಿ ಬೆವರು, ತೇವ ಒಳಗೆ ಇಳಿದಿದೆ. ಬಿಸಿಲು ಡಯಲ್ ಅನ್ನು ಮಾಗಿಸುತ್ತೆ, ನೀರು ಕೊಳೆಸುತ್ತೆ. ಮಾರುವವರು ಎರಡಕ್ಕೂ ಪ್ಯಾಟಿನಾ ಅಂತಲೇ ಹೆಸರು ಹೇಳಿ ಮಾರುತ್ತಾರೆ. ಅದು ತಪ್ಪು, ಓದುಗರು ಮೋಸ ಹೋಗಬಾರದು.

ಬೆಲೆಯ ಆಸೆ ಬಿಡಿ. ಆದರೆ ವಾಚನ್ನು ಮಾತ್ರ ಬಿಡಬೇಡಿ, ತಡ ಮಾಡದೆ ಬಿಚ್ಚಿಸಿ. ಡಯಲ್ ಹೀಗಾಗಿದ್ದರೆ ಅದರ ಕೆಳಗಿನ ಸ್ಟೀಲ್ ಭಾಗಗಳಿಗೂ ತುಕ್ಕು ಹಿಡಿದಿರುತ್ತೆ. ತುಕ್ಕು ತೆಗೆಸಿ, ವಾಷರ್ ಬದಲಿಸಿ, ಡಯಲ್ ಇದ್ದಂತೆಯೇ ವಾಪಸ್ ಹಾಕಿಸಿ. ಎದ್ದಿರುವ ಬಣ್ಣದ ಹಪ್ಪಳಿಕೆ ಮುಟ್ಟಬೇಡಿ ಅಂತ ರಿಪೇರಿಯವರಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ನಮ್ಮ ತಂದೆ ಕಟ್ಟುತ್ತಿದ್ದ ವೆಸ್ಟ್ ಎಂಡ್ ವಾಚು ಇದೆ. ಅಂಕಿಗಳ ಮೇಲೆ ರೇಡಿಯಂ ಇದೆ, ಈಗ ಕತ್ತಲೆಯಲ್ಲಿ ಹೊಳೆಯುವುದಿಲ್ಲ, ಕಪ್ಪಾಗಿ ಪುಡಿ ಉದುರುತ್ತಿದೆ. ಸೂಜಿಯಿಂದ ಕೆರೆದು ತೆಗೆದು ಹೊಸದು ಹಚ್ಚಬಹುದೇ?
ನಿವೃತ್ತ ಶಿಕ್ಷಕರು, ಗುಬ್ಬಿ

ಉತ್ತರ: ಮೇಷ್ಟ್ರೇ, ಸೂಜಿ ಕೆಳಗಿಡಿ. ಈ ಅಂಕಣದಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು ಇದೊಂದೇ. ಆ ವಾಚಿನ ಹಿಂಬದಿ ಮುಚ್ಚಳ, ಗಾಜು ಯಾವುದನ್ನೂ ಮನೆಯಲ್ಲಿ ತೆಗೆಯಬೇಡಿ.

ವೆಸ್ಟ್ ಎಂಡ್ ನಮ್ಮ ದೇಶದಲ್ಲಿ ಬಹಳ ಹೆಸರು ಮಾಡಿದ ಸ್ವಿಸ್ ವಾಚು. ಬ್ರಿಟಿಷರ ಕಾಲದಲ್ಲಿ ಸೈನ್ಯದವರು, ರೈಲ್ವೆಯವರು ಕಟ್ಟುತ್ತಿದ್ದರು. ಆ ಕಾಲದಲ್ಲಿ ಹೊಳೆಯುವ ಬಣ್ಣ ಅಂದರೆ ನಿಜವಾದ ರೇಡಿಯಮ್ಮೇ. ನಾವು ಈಗ ಹೊಳೆಯುವುದಕ್ಕೆಲ್ಲ ರೇಡಿಯಂ ಅನ್ನುತ್ತೇವೆ, ಸ್ಕೂಟರಿನ ಸ್ಟಿಕ್ಕರಿಗೂ ಅನ್ನುತ್ತೇವೆ. ಅದರಲ್ಲಿ ರೇಡಿಯಂ ಇರುವುದಿಲ್ಲ. ನಿಮ್ಮ ತಂದೆಯವರ ವಾಚಿನಲ್ಲಿ ಇರುವ ಸಾಧ್ಯತೆ ಬಹಳ.

ಹೊಳಪು ಹೋಗಿದೆ ಅಂದರೆ ರೇಡಿಯಂ ಹೋಗಿದೆ ಅಂತ ಅಲ್ಲ. ಬಣ್ಣದಲ್ಲಿ ಎರಡು ವಸ್ತು ಇರುತ್ತವೆ. ರೇಡಿಯಂ ಕಿರಣ ಬಿಡುತ್ತೆ, ಜಿಂಕ್ ಸಲ್ಫೈಡ್ ಆ ಕಿರಣ ತಾಗಿ ಹೊಳೆಯುತ್ತೆ. ವರ್ಷಗಟ್ಟಲೆ ಕಿರಣ ತಿಂದು ಜಿಂಕ್ ಸಲ್ಫೈಡ್ ಸುಸ್ತಾಗುತ್ತೆ, ಅದಕ್ಕೇ ಕತ್ತಲೆಯಲ್ಲಿ ಕಾಣಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ನಿಮ್ಮ ತಂದೆ ಕೊಂಡ ದಿನ ಎಷ್ಟಿತ್ತೋ ಇವತ್ತೂ ಹೆಚ್ಚುಕಮ್ಮಿ ಅಷ್ಟೇ ಇದೆ. ಗಾಜಿನ ಒಳಗಿದ್ದಾಗ ಅಪಾಯ ಕಮ್ಮಿ. ಕೆರೆದಾಗ ಏಳುವ ಪುಡಿ ಮೂಗಿಗೆ, ಬಾಯಿಗೆ ಹೋದರೆ ಮೂಳೆಯಲ್ಲಿ ಕೂರುತ್ತೆ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಈ ಬಣ್ಣ ಹಚ್ಚುವ ಕೆಲಸದ ಹೆಣ್ಣುಮಕ್ಕಳಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಕಲಿಸಿದ್ದರು. ಎಷ್ಟೋ ಜನರ ದವಡೆ ಕೊಳೆಯಿತು, ಸತ್ತೂ ಹೋದರು. ಅವರು ಕೋರ್ಟಿಗೆ ಹೋಗಿ ಹೋರಾಡಿದ ಮೇಲೆಯೇ ಜಗತ್ತಿಗೆ ಇದರ ಅಪಾಯ ಸರಿಯಾಗಿ ಗೊತ್ತಾದದ್ದು.

1960ರ ದಶಕದಲ್ಲಿ ಸ್ವಿಸ್ ಕಂಪನಿಗಳು ರೇಡಿಯಂ ಬಿಟ್ಟು ಟ್ರಿಟಿಯಂ ಅನ್ನುವ, ಕಿರಣ ಬಿಡುವ ಇನ್ನೊಂದು ವಸ್ತುವಿಗೆ ಬಂದವು. 6ರ ಕೆಳಗೆ "ಸ್ವಿಸ್" ಪದದ ಎರಡೂ ಕಡೆ ಇಂಗ್ಲಿಷಿನ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಂ. ಅದು ಸುಮಾರು 12 ವರ್ಷಕ್ಕೆ ಅರ್ಧವಾಗುತ್ತೆ, ಅದರ ಕಿರಣ ಗಾಜನ್ನೂ ದಾಟಲ್ಲ. ನಿಮ್ಮ ವಾಚು ಅದಕ್ಕಿಂತ ಹಳೆಯದು.

ಬೆಲೆಯ ಮಾತು ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಬಹಳ ವರ್ಷ ನಿಂತಿದ್ದ ಇಂಥ ವಾಚಿನ ಮುಳ್ಳು ತೆಗೆದರೆ ಡಯಲ್ ಮೇಲೆ ಮುಳ್ಳಿನ ಆಕಾರದಲ್ಲೇ ಕಂದು ಗುರುತು ಕಾಣುತ್ತೆ. ಮುಳ್ಳಿನ ಮೇಲಿನ ರೇಡಿಯಂ ಕೆಳಗಿನ ಡಯಲ್ ಅನ್ನು ಸುಟ್ಟಿರುತ್ತೆ. ಸಂಗ್ರಹಕಾರರಿಗೆ ಆ ಗುರುತು ಒಳ್ಳೇ ಸಾಕ್ಷಿ, ಡಯಲ್ ಮುಳ್ಳು ಎರಡೂ ಬಹಳ ಕಾಲದಿಂದ ಜೊತೆಗಿವೆ ಅಂತ. ಹೊಸ ಬಣ್ಣ ಹಚ್ಚಿದರೆ ಆ ಸಾಕ್ಷಿಯೂ ಹೋಗುತ್ತೆ. ಪುಡಿ ಉದುರುತ್ತಿದೆ ಅಂದಿದ್ದೀರಿ, ಹಾಗಾಗಿ ಕಟ್ಟಬೇಡಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು ಮೊಮ್ಮಕ್ಕಳ ಕೈಗೆ ಸಿಗದ ಕಡೆ ಇಡಿ. ರಿಪೇರಿಗೆ ಕೊಟ್ಟರೆ "ಇದರಲ್ಲಿ ರೇಡಿಯಂ ಇದೆ" ಅಂತ ಮೊದಲೇ ಹೇಳಿ. ಗೊತ್ತಿಲ್ಲದೆ ಬಿಚ್ಚಿ ಬಾಯಲ್ಲಿ ಊದುವ ಹುಡುಗರು ನಮ್ಮ ಕಸುಬಿನಲ್ಲಿ ಇನ್ನೂ ಇದ್ದಾರೆ, ಅವರ ಬಗ್ಗೆ ನನಗೆ ಚಿಂತೆ.

ಪ್ರಶ್ನೆ: ಡಯಲ್ ಮಸುಕಾಗಿದೆ. ಟೂತ್‌ಪೇಸ್ಟ್, ನಿಂಬೆರಸ ಹಾಕಿ ಒರೆಸಿದರೆ ಬೆಳ್ಳಗಾಗುತ್ತೆ ಅಂತ ವಿಡಿಯೋದಲ್ಲಿ ನೋಡಿದೆ.
ಓದುಗರೊಬ್ಬರು, ಕುಣಿಗಲ್

ಉತ್ತರ: ಟೂತ್‌ಪೇಸ್ಟ್ ಗಾಜಿಗೆ, ಅದೂ ಪ್ಲಾಸ್ಟಿಕ್ ಗಾಜಿಗೆ ಮಾತ್ರ. ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರು ಹೋಗುತ್ತೆ. ಎಷ್ಟೋ ಸಲ ಡಯಲ್ ಮಸುಕಾಗಿದೆ ಅಂತ ಬಂದವರಿಗೆ ನಾನು ಗಾಜು ಉಜ್ಜಿಕೊಟ್ಟು ಕಳಿಸಿದ್ದೇನೆ, ಡಯಲ್ ಚೆನ್ನಾಗೇ ಇರುತ್ತೆ. ನಿಂಬೆರಸ, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ, ಬರೀ ಒದ್ದೆ ಬಟ್ಟೆ, ಯಾವುದೂ ಡಯಲ್ ಹತ್ತಿರ ಬರಬಾರದು. ಒಂದು ಸಲ ಒರೆಸಿದರೆ ಬಟ್ಟೆಗೆ ಕಂಪನಿ ಹೆಸರೇ ಅಂಟಿಕೊಂಡು ಬರುತ್ತೆ. ಧೂಳು ಇದ್ದರೆ ಗಾಳಿ ಹೊಡೆಯುವ ರಬ್ಬರ್ ಬುಗ್ಗೆ ಸಾಕು.

ಪ್ರಶ್ನೆ: ಮುತ್ತಜ್ಜನ ಜೇಬುಗಡಿಯಾರದ ಪಿಂಗಾಣಿ ಡಯಲ್‌ನಲ್ಲಿ ಕೂದಲೆಳೆಯಷ್ಟು ಸೀಳು. ಬೆಲೆ ಹೋಯಿತೇ?
ಓದುಗರೊಬ್ಬರು, ಪಾವಗಡ

ಉತ್ತರ: ಸ್ವಲ್ಪ ಹೋಗುತ್ತೆ, ಪೂರ್ತಿ ಅಲ್ಲ. ಪಿಂಗಾಣಿ ಡಯಲ್ ಅಂದರೆ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಸುಟ್ಟದ್ದು. ಅದು ನೂರು ವರ್ಷವಾದರೂ ಹಳದಿಯಾಗಲ್ಲ. ಬಿದ್ದರೆ ಸೀಳುತ್ತೆ, ಅಷ್ಟೇ ಅದರ ಕಷ್ಟ. ಕೂದಲೆಳೆ ಸೀಳನ್ನು ಬಹಳ ಜನ ಒಪ್ಪುತ್ತಾರೆ. ಚೂರು ಎದ್ದುಹೋಗಿ ತಾಮ್ರ ಕಾಣುತ್ತಿದ್ದರೆ ಬೆಲೆ ಜೋರಾಗಿ ಬೀಳುತ್ತೆ.

ಪ್ರಶ್ನೆ: ನಮ್ಮ ಯಜಮಾನರು ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿದ್ದರು. ಈಗ ಇಲ್ಲ. ಅವರು ಕಟ್ಟದೇ ಡಬ್ಬಿಯಲ್ಲೇ ಇಟ್ಟಿದ್ದ ಒಂದು ವಾಚು ಸಿಕ್ಕಿದೆ, ಬಿಲ್ಲು ಸಮೇತ. ಒಂದು ದಿನವೂ ಕಟ್ಟಿಲ್ಲ. ಆದರೂ ಡಯಲ್ ಮೇಲೆ ಸಣ್ಣ ಸಣ್ಣ ಚುಕ್ಕೆ ಬಿದ್ದಿವೆ. ಯಾಕೆ? ಮಕ್ಕಳು ಮಾರೋಣ ಅನ್ನುತ್ತಾರೆ. ಚುಕ್ಕೆ ತೆಗೆಸಿ ಮಾರಲೇ?
ಓದುಗರೊಬ್ಬರು, ಕೊರಟಗೆರೆ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸು ತುಂಬಿಬಂತು. ನಮ್ಮ ವಾಚ್ ರಿಪೇರಿ ಅಂಗಡಿ ತುಮಕೂರಿನ ಚಿಕ್ಕಪೇಟೆಯಲ್ಲಿ. ಕಾರ್ಖಾನೆಯವರು ಕೆಲಸ ಮುಗಿಸಿ ಸಂಜೆ ಬಂದು ನಮ್ಮ ತಂದೆಯ ಮೇಜಿನ ಪಕ್ಕ ಕೂತು ವಾಚಿನ ಮಾತಾಡುತ್ತಿದ್ದರು. ಚಿಮುಟ ಹೇಗೆ ಹಿಡಿಯಬೇಕು ಅಂತ ನನಗೆ ತೋರಿಸಿಕೊಟ್ಟವರೂ ಅವರಲ್ಲಿದ್ದಾರೆ. 70ರ ದಶಕದ ಕೊನೆಯಲ್ಲಿ ಶುರುವಾದ ಕಾರ್ಖಾನೆ ಅದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಗ ಈಗ ಇಸ್ರೋ ಕೈಯಲ್ಲಿದೆ.

ಕಟ್ಟದ ವಾಚಿಗೆ ಚುಕ್ಕೆ ಯಾಕೆ ಬರುತ್ತೆ? ವಾಚಿನೊಳಗೆ ಗಾಳಿ ಇರುತ್ತೆ, ಗಾಳಿಯಲ್ಲಿ ತೇವ ಇರುತ್ತೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಆ ತೇವ ಡಯಲ್ ಮೇಲೆ ಕೂರುತ್ತೆ. ಲ್ಯಾಕರ್‌ನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಸಾಕು, ಕೆಳಗಿನ ಲೋಹ ಕಪ್ಪಾಗಿ ಚುಕ್ಕೆಯಾಗುತ್ತೆ. ಬೀರು ಹೊರಗೋಡೆಗೆ ಒತ್ತಿಕೊಂಡಿದ್ದರೆ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೀರಾ ನೋಡಿ. ರಬ್ಬರಿನಲ್ಲಿ ಗಂಧಕ ಇರುತ್ತೆ, ಬೆಳ್ಳಿ ಲೇಪಕ್ಕೆ ಅದು ಶತ್ರು. ಇವತ್ತೇ ತೆಗೆದುಹಾಕಿ, ದಾರ ಕಟ್ಟಿ.

ಚುಕ್ಕೆ ತೆಗೆಸಬೇಡಿ. ಚುಕ್ಕೆ ಇರುವುದು ಲ್ಯಾಕರ್ ಕೆಳಗೆ. ತೆಗೆಯಲು ಹೋದರೆ ಡಯಲ್ ಹೋಗುತ್ತೆ. ನಿಮ್ಮ ವಾಚಿನ ಬೆಲೆ ಬೇರೆ ಕಡೆಯೂ ಇದೆ. ಒಂದು ದಿನವೂ ಕಟ್ಟಿಲ್ಲ ಅಂದರೆ ಕೇಸಿನ ಮೂಲೆಗಳು ಕಾರ್ಖಾನೆಯಲ್ಲಿ ಇದ್ದಷ್ಟೇ ಚೂಪಾಗಿರುತ್ತವೆ. ಡಬ್ಬಿ, ಬಿಲ್ಲು, ಗ್ಯಾರಂಟಿ ಕಾರ್ಡು ಮೂರೂ ಇದ್ದರೆ ಅದು ದೊಡ್ಡ ವಿಷಯ. ಯಜಮಾನರು ಅಲ್ಲೇ ಕೆಲಸ ಮಾಡಿದ್ದರು ಅನ್ನುವುದಕ್ಕೆ ಗುರುತಿನ ಚೀಟಿ ಏನಾದರೂ ಇದ್ದರೆ ಅದರ ನಕಲು ಮಾಡಿಸಿ ಜೊತೆಗಿಡಿ. ಹಿಂಬದಿ ಮುಚ್ಚಳದ ಮೇಲೆ ಹೆಸರು ಕೆತ್ತಿದ್ದರೆ ಅಳಿಸಬೇಡಿ. ಬೇರೆ ವಾಚಿಗೆ ಅಪರಿಚಿತರ ಹೆಸರು ಇದ್ದರೆ ಬೆಲೆ ಇಳಿಯಬಹುದು. ಕಾರ್ಖಾನೆಯವರದೇ ಹೆಸರಾದರೆ ಅದು ವಾಚು ಎಲ್ಲಿಂದ ಬಂತು ಅನ್ನುವುದಕ್ಕೆ ಪುರಾವೆ. ಚುಕ್ಕೆಗಳಿಂದ ಬೆಲೆ ಸ್ವಲ್ಪ ಇಳಿಯುತ್ತೆ, ಅದನ್ನು ಮುಚ್ಚಿಡದೆ ಫೋಟೋ ತೆಗೆದು ತೋರಿಸಿ. ಮುಚ್ಚಿಡದವರ ವಾಚಿಗೆ ಒಳ್ಳೇ ಗಿರಾಕಿ ಬರುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಒಂದು ಕೆಲಸ ಮಾತ್ರ ಮಾಡಿಸಿ. ನಂಬಿಕೆಯವರ ಹತ್ತಿರ ಹಿಂಬದಿ ತೆಗೆಸಿ, ಮಿಷಿನ್‌ಗೆ ತುಕ್ಕು ಇದೆಯಾ ನೋಡಿಸಿ. ಎಣ್ಣೆ ಒಣಗಿರುತ್ತೆ, ಅದಕ್ಕೇ ಸುಮ್ನೆ ಕೀ ಕೊಟ್ಟು ಓಡಿಸಬೇಡಿ, ಸವೆಯುತ್ತೆ. ಕೇಸಿಗೆ ಪಾಲಿಶ್ ಹಾಕಿಸಬೇಡಿ. ಮೊದಲು ಕೇಳಿದವರಿಗೆ ಕೊಡಬೇಡಿ, ಬೆಂಗಳೂರಿನಲ್ಲಿ ಸಂಗ್ರಹಕಾರರು ಬಹಳ ಜನ ಇದ್ದಾರೆ, ನಾಲ್ಕು ಜನರಿಗೆ ತೋರಿಸಿ. ಎಚ್‌ಎಂಟಿ ವಾಚಿಗೆ ಬರುವುದು ಸಾವಿರಗಳ ಲೆಕ್ಕ, ಲಕ್ಷಗಳದ್ದಲ್ಲ ಅಂತ ಮಕ್ಕಳಿಗೂ ಹೇಳಿ. ಅಷ್ಟಕ್ಕೆ ಮಾರಲೇಬೇಕಾ ಅಂತ ಮನೆಯಲ್ಲಿ ಒಮ್ಮೆ ಕೂತು ಮಾತಾಡಿ. ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಪ್ರಶ್ನೆ: ಕಂದು ಡಯಲ್‌ಗೆ ಬೆಲೆ ಅಂತ ಕೇಳಿ ನನ್ನ ಕಪ್ಪು ಡಯಲ್ ವಾಚನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಎಷ್ಟು ದಿನ ಬೇಕು?
ಓದುಗರೊಬ್ಬರು, ಚಿಕ್ಕನಾಯಕನಹಳ್ಳಿ

ಉತ್ತರ: ಇವತ್ತೇ ಒಳಗೆ ತಗೊಂಡು ಬನ್ನಿ. ಎಲ್ಲಾ ಕಪ್ಪು ಬಣ್ಣವೂ ಕಂದಾಗುವುದಿಲ್ಲ, ಕೆಲವು ಕಾಲದ ಕೆಲವು ಬಣ್ಣಗಳಷ್ಟೇ ಹಾಗೆ ತಿರುಗಿದವು. ಬಿಸಿಲಿಗೆ ಡಯಲ್ ತಿರುಗುವ ಮೊದಲು ಪ್ಲಾಸ್ಟಿಕ್ ಗಾಜು ಸೀಳುತ್ತೆ, ವಾಷರ್ ಗಟ್ಟಿಯಾಗುತ್ತೆ, ಎಣ್ಣೆ ಒಣಗುತ್ತೆ. ಕೆಲವರು ಡಯಲ್ ಅನ್ನು ಓವನ್‌ನಲ್ಲಿ ಬೇಯಿಸಿ, ರೇಡಿಯಂ ಚುಕ್ಕೆಗೆ ಟೀ ಡಿಕಾಕ್ಷನ್ ಹಚ್ಚಿ ಹಳೇದು ಅಂತ ಮಾರುತ್ತಾರೆ. ಐ ಗ್ಲಾಸ್ (ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ) ಹಾಕಿ ನೋಡಿದರೆ ತಿಳಿಯುತ್ತೆ. ಬೇಯಿಸಿದ ಡಯಲ್‌ನಲ್ಲಿ ಲ್ಯಾಕರ್ ಬಿರುಕು ಬಿಟ್ಟಿರುತ್ತೆ, ಟೀ ಬಣ್ಣ ಚುಕ್ಕೆಯ ಆಚೆಗೂ ಹರಿದಿರುತ್ತೆ. ಆ ದಾರಿಗೆ ಹೋಗಬೇಡಿ. ವಾಚು ಎಷ್ಟು ದಿನ ಬಿಸಿಲಲ್ಲಿತ್ತು ಅಂತ ರಿಪೇರಿಯವರಿಗೆ ಹೇಳಿ, ಎಣ್ಣೆ ಹಾಕಿಸಿ, ಕೀ ಕಡೆಯ ವಾಷರ್ ಹೊಸದು ಹಾಕಿಸಿಕೊಳ್ಳಿ.